ಮೂರನೇ ರಾಡಿಗೆ ಹಾಕಿದ ಸೀಸ

ನಮ್ಮವರ ಬಲಗೈ ಮುರಿದದ್ದು ಅವರೇ ಮುದ್ದಿನಿಂದ ಸಾಕಿದ ವ್ಯಾನಿನಿಂದ. ಒಂದು ಬೆಳಿಗ್ಗೆ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಎಂಜಿನ್ನು ಹಿಂದಕ್ಕೆ ಒದೆಯಿತು, ಮಣಿಕಟ್ಟು ಲಟಕ್ ಎಂದಿತು. ಒಳಗೆ ದೋಸೆ ಹೊಯ್ಯುತ್ತಿದ್ದವಳು ಓಡಿ ಬಂದು ನೋಡಿದರೆ ಇವರು ಅಂಗಳದ ಮಣ್ಣಿನಲ್ಲಿ ಕೂತು, ಕೈ ಹಿಡಿದುಕೊಂಡು ವ್ಯಾನಿಗೆ ಬೈಯುತ್ತಿದ್ದಾರೆ. ನಾನು ಅವರಿಗೆ ಬೈದೆ. ಹೆದರಿಕೆಯಾದಾಗ ನನ್ನ ಬಾಯಿಂದ ಬೈಗುಳವೇ ಬರುವುದು, ಹುಟ್ಟುಗುಣ.

ಅದು ಅರವತ್ತೆರಡೋ ಅರವತ್ತಮೂರೋ ಇರಬೇಕು. ನಮ್ಮ ಮನೆ ಭಟ್ಕಳದಲ್ಲಿ. ವ್ಯಾನು ಭಟ್ಕಳದಿಂದ ಕಾಸರಕೋಡಿನ ತನಕ ಜನ ಸಾಗಿಸುತ್ತಿತ್ತು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರಕ್ಕೆ ಹೋಗುವವರು ಕಾಸರಕೋಡಿನ ದಡದಲ್ಲಿ ಇಳಿದು ದೋಣಿ ಹತ್ತಬೇಕು. ಯುದ್ಧದ ಕಾಲದ ಹಳೇ ಗಾಡಿ, ಯಾರೋ ಬಿಸಾಕಿದ್ದನ್ನು ಇವರು ತಂದು ಮರದ ಮೈ ಕಟ್ಟಿಸಿದ್ದರು. ಗದ್ದೆಯಿಲ್ಲ, ಅಂಗಡಿಯಿಲ್ಲ, ನಾವಿಬ್ಬರು, ಅತ್ತೆ, ಎರಡು ಮಕ್ಕಳು, ಎಲ್ಲರ ಗಂಜಿಯೂ ಆ ನಾಲ್ಕು ಚಕ್ರದ ಮೇಲೆ.

ಕೈ ಮುರಿದ ದಿನದಿಂದ ಸರಿಯಾಗಿ ಹದಿನೆಂಟು ದಿನ ಕಳೆದರೆ ಗಾಡಿ ಪಾಸಿಂಗ್. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರರು ಕುಮಟೆಗೆ ಬಂದು ಸರ್ಕಾರಿ ಬಂಗ್ಲೆಯ ಅಂಗಳದಲ್ಲಿ ಗಾಡಿಗಳ ಪರೀಕ್ಷೆಗೆಂದು ಒಂದು ದಿನ ಕೂರುತ್ತಿದ್ದರು. ಅವತ್ತು ಗಾಡಿ ಅಲ್ಲಿಗೆ ತಾನಾಗಿ ಓಡಿಕೊಂಡು ಹೋಗಿ ನಿಲ್ಲಬೇಕು. ನಿಲ್ಲದಿದ್ದರೆ ಪರ್ಮಿಟ್ಟು ಹೋಯಿತೆಂದೇ ಲೆಕ್ಕ. ನಮ್ಮ ಹಾದಿಯ ಪರ್ಮಿಟ್ಟಿಗೆ ಎರಡು ಬಸ್ಸುಗಳ ಒಡೆಯನೊಬ್ಬ ಆಗಲೇ ಬಾಯಿ ತೆರೆದುಕೊಂಡು ಕೂತಿದ್ದ. ನಮ್ಮ ಎಂಜಿನ್ನೋ, ಹೊಗೆ ಉಗುಳುತ್ತ, ಹೊಟ್ಟೆಯೊಳಗೆ ಟಕಟಕ ಎನ್ನುತ್ತ ಹೇಗೋ ದಿನ ದೂಡುತ್ತಿತ್ತು. ಪಾಸಿಂಗಿಗೆ ಮೊದಲು ಪೂರಾ ಬಿಚ್ಚಿ ಕಟ್ಟಬೇಕೆಂದು ಇವರು ಲೆಕ್ಕ ಹಾಕಿದ್ದರು. ಈಗ ಮೊಣಕೈ ತನಕ ಪ್ಲಾಸ್ಟರ್.

"ಮೇಸ್ತ್ರಿಯನ್ನ ಕರೆಸುಕೆ ನಮ್ಮತ್ರ ಎಂತ ಅದೆ?" ಎಂದರು ಇವರು. ಏನೂ ಇರಲಿಲ್ಲ.

"ನಾ ಬಿಚ್ತೆ," ಎಂದೆ.

"ನೀನಾ?"

"ಎಂತ, ನಿಮ್ಮ ಕೈಗೆ ಮಾತ್ರ ಐದು ಬೆರಳಾ? ನೀವು ಬಾಯಲ್ಲಿ ಹೇಳಿ, ನಾ ಕೈಯಲ್ಲಿ ಮಾಡ್ತೆ."

ಮರುದಿನ ಅಂಗಳದಲ್ಲಿ ಹಳೇ ಸೀರೆ ಹಾಸಿ ಕೂತೆ. ಇವರು ಮಣೆಯ ಮೇಲೆ ಕೂತು, ಎಡಗೈಯಲ್ಲಿ ಪೊರಕೆಯ ಹಿಡಿಕಡ್ಡಿ ಹಿಡಿದು ಶಾಲೆ ಮಾಸ್ತರರ ಹಾಗೆ ತೋರಿಸುತ್ತಿದ್ದರು. ನಟ್ಟು ಎಡಕ್ಕೆ ತಿರುಗಿಸು ಎಂದರೆ ನಾನು ಬಲಕ್ಕೆ ಬಿಗಿದೆ. "ಎಡ ಯಾವುದು ಅಂತ ನಿನ್ನ ಅಪ್ಪ ಕಲಿಸಲಿಲ್ವಾ ಮಾರಾಯ್ತಿ?" ಎಂದು ಕೂಗಿದರು. "ನನ್ನ ಅಪ್ಪ ಬಲೆ ಬೀಸುದು ಕಲಿಸಿದ, ನಟ್ಟು ಬಿಚ್ಚುದಲ್ಲ," ಎಂದು ನಾನೂ ಕೂಗಿದೆ. ಅತ್ತೆ ಒಳಗಿಂದ "ಊರಿಗೆಲ್ಲ ಕೇಳ್ತದೆ, ಮೆಲ್ಲಗೆ" ಎನ್ನುವರು. ಸೀಮೆಎಣ್ಣೆಯಲ್ಲಿ ಒಂದೊಂದೇ ಸಾಮಾನು ತೊಳೆದು, ಬಿಚ್ಚಿದ ಕ್ರಮದಲ್ಲೇ ಸೀರೆಯ ಮೇಲೆ ಇಡುತ್ತ ಹೋದೆ. ಪಿಸ್ಟನ್ನುಗಳ ಸುತ್ತಿನ ಸವೆದ ರಿಂಗುಗಳ ಬದಲಿಗೆ ಒಡೆದುಹೋದ ಲಾರಿಯೊಂದರ ರಿಂಗುಗಳನ್ನು ಇವರು ಹೇಗೋ ಹೊಂದಿಸಿ ತಂದಿದ್ದರು. ಅವನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿದೆ. ವಾಲ್ವುಗಳು ಬಿಗಿಯಾಗಿ ಕೂರಲೆಂದು ಸಾಣೆಪುಡಿ ಕಲಸಿದ ಎಣ್ಣೆ ಹಚ್ಚಿ, ಕೋಲು ಸಿಕ್ಕಿಸಿ, ಎರಡು ಅಂಗೈಯ ನಡುವೆ ಮಜ್ಜಿಗೆ ಕಡೆದ ಹಾಗೆ ಕಡೆಯುವ ಕೆಲಸವಂತೂ ನನ್ನದೇ ಆಯಿತು. ಅದರಲ್ಲಿ ಇವರು ತಪ್ಪು ಹುಡುಕಲಿಲ್ಲ.

ಟಕಟಕದ ಮೂಲ ಮೂರನೇ ರಾಡಿನಲ್ಲಿ ಸಿಕ್ಕಿತು. ಪಿಸ್ಟನ್ನಿನ ಕೆಳಗೆ ಒಂದು ಕಬ್ಬಿಣದ ತೋಳು ಇರುತ್ತದೆ, ಅದೇ ರಾಡು. ಅದರ ತುದಿಯ ಬಳೆ, ತಿರುಗುವ ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಬಾರದೆಂದು ಬಳೆಯ ಒಳಗೆ ಬೆಳ್ಳಿಯಂಥ ಬಿಳಿ ಲೋಹ ಹೊಯ್ದಿರುತ್ತಾರೆ. ನಮ್ಮ ಮೂರನೇ ರಾಡಿನಲ್ಲಿ ಅದು ಹಪ್ಪಳದ ಹಾಗೆ ಪುಡಿಯಾಗಿ ಎಣ್ಣೆಯ ತಳದಲ್ಲಿ ಬಿದ್ದಿತ್ತು. ಹೊಸದಾಗಿ ಹೊಯ್ಯಿಸಲು ಹುಬ್ಬಳ್ಳಿಗೆ ಕಳಿಸಬೇಕು. ಅದು ಹೋಗಿ ಬರುವುದರೊಳಗೆ ಪಾಸಿಂಗ್ ಮುಗಿದು, ಬಸ್ಸಿನವನು ನಮ್ಮ ಹಾದಿಯಲ್ಲಿ ಹಾರ್ನ್ ಹೊಡೆಯುತ್ತಿರುತ್ತಾನೆ.

"ಕಲಾಯಿ ಸಾಯ್ಬ್ರ ಹತ್ರ ಕೇಳ್ವ," ಎಂದರು ಇವರು. "ರಾಡಿಗೆ ಹೊಯ್ಯುದೂ ತವರದ ಜಾತಿಯದ್ದೇ. ಅವರ ಕೈಗೆ ತವರ ಗೊತ್ತದೆ."

ಕಲಾಯಿ ಸಾಯ್ಬರು ಪೇಟೆಯ ಕೆಳಗಿನ ಗಲ್ಲಿಯಲ್ಲಿ ಒಂದು ಮಾಡಿನಡಿ ಕೂರುತ್ತಿದ್ದರು. ಬಿಳೀ ಗಡ್ಡ, ಸಣ್ಣ ಮೈ, ಮಾತು ಕಡಿಮೆ. ಭಟ್ಕಳದ ಅಷ್ಟೂ ಜಾತಿಯ ಮನೆಗಳ ತಾಮ್ರದ ಪಾತ್ರೆಗಳಿಗೆ ಒಳಗಿನಿಂದ ತವರ ಸವರುವವರು ಅವರೇ. ಅದು ಬರೀ ನಂಬಿಕೆಯ ಕೆಲಸ. ತವರಕ್ಕೆ ಸೀಸ ಬೆರೆಸಿದರೂ ಪಾತ್ರೆ ಹೊಳೆಯುತ್ತದೆ. ಆದರೆ ಅದರಲ್ಲಿ ಬೇಯಿಸಿದ್ದು ಮೈಗೆ ವಿಷ, ನೋಡಿದವರಿಗೆ ತಿಳಿಯುವುದಿಲ್ಲ. ಸಾಯ್ಬರ ಅಂಗಡಿಯಲ್ಲಿ ಸೀಸದ ಚೂರೂ ಇಲ್ಲವೆಂದು ಊರಿಗೆ ಊರೇ ಹೇಳುತ್ತಿತ್ತು.

ರಾಡನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾಡುಕೆ ಬತ್ತದೆ," ಎಂದರು. ನಾನು ಎಣ್ಣೆಯ ತಳದಿಂದ ಬಟ್ಟೆಯಲ್ಲಿ ಸೋಸಿ ತಂದಿದ್ದ ಲೋಹದ ಪುಡಿಯನ್ನು ಅಂಗೈಯಲ್ಲಿ ತೂಗಿ, "ಇದು ಸಾಲುದಿಲ್ಲ ತಂಗಿ. ನನ್ನ ಹತ್ರ ತವರ ಮುಗೀತಾ ಬಂತು. ಗುರುವಾರ ಮುಂಬೈ ಸಾಮಾನು ಬತ್ತದೆ, ಅಲ್ಲೀವರೆಗೆ ತಡಿ," ಎಂದರು. ಅವತ್ತು ಶನಿವಾರ. ಐದು ದಿನ ಸುಮ್ಮನೆ ಕೂರುವುದೆಂದರೆ ನನಗೆ ಮೈಯೆಲ್ಲ ಇರುವೆ ಹರಿದ ಹಾಗೆ. "ಕರಗಿಸಿ ನೋಡಿ ಸಾಯ್ಬ್ರೆ, ಇನ್ನೂ ಸ್ವಲ್ಪ ಇದ್ದರೂ ಇರ್ತದೆ, ನಾಳೆ ತರ್ತೆ," ಎಂದು ಹೇಳಿ ಬಂದೆ.

ಇನ್ನೂ ಸ್ವಲ್ಪ ಎಲ್ಲಿತ್ತು? ಕೊಟ್ಟಿಗೆಯಲ್ಲಿ ನನ್ನ ಅಪ್ಪನ ಹಳೇ ಬೀಸುಬಲೆ ನೇತಾಡುತ್ತಿತ್ತು. ಅದರ ಅಂಚಿಗೆ ಸುತ್ತಲೂ ಸೀಸದ ಗುಂಡು. ಕಾಸರಕೋಡಿನಲ್ಲಿ ಹುಟ್ಟಿದ ನಮಗೆ ಸೀಸವೆಂದರೆ ಬೇಡದ ವಸ್ತುವಲ್ಲ. ಬಲೆ ಮುಳುಗಿಸಿ ಹೊಟ್ಟೆ ತುಂಬಿಸುವುದೇ ಅದು. ಚಿಕ್ಕಂದಿನಲ್ಲಿ ಅಪ್ಪ ಸೀಸ ಕರಗಿಸಿ ಗುಂಡು ಹೊಯ್ಯುವುದನ್ನು ನೋಡಿದ್ದೆ. ಅದೂ ಬಿಳಿ, ಇದೂ ಬಿಳಿ. ಕರಗಿದರೆ ಎರಡೂ ನೀರು. ಒಂದು ಹಿಡಿ ಹಾಕಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಗುಂಡುಗಳನ್ನು ಕತ್ತರಿಸಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಇವರಿಗೆ ಹೇಳಲಿಲ್ಲ.

ಮರುದಿನ ಸಾಯ್ಬರು ಹುತ್ತದ ಮಣ್ಣು ಕಲಸಿ ರಾಡಿನ ಸಂದು ಮುಚ್ಚಿದರು. ನಡುವೆ ಶಾಫ್ಟಿನ ಅಳತೆಯ ಕೊಳವೆ ನಿಲ್ಲಿಸಿ ಅದಕ್ಕೆ ದೀಪದ ಮಸಿ ಬಳಿದರು. ಬಳೆಯ ಒಳಮೈಗೆ ತವರ ಅಂಟಲೆಂದು ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆಯ ನಡುವೆ ಹತ್ತಿಯಿಂದ ತವರ ಸವರಿದರು. ನಾನು ತಿದಿ ಒತ್ತುತ್ತಿದ್ದೆ. ಕಬ್ಬಿಣದ ಸೌಟಿನಲ್ಲಿ ಲೋಹ ಕರಗಿತು. ಕಮ್ಮಿಯೇ. "ನೋಡಿದ್ಯಾ, ಗುರುವಾರವೇ," ಎಂದರು. ಅಷ್ಟರಲ್ಲಿ ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿತು. "ನಮಾಜು ಮುಗ್ಸಿ ಬತ್ತೆ, ಬೆಂಕಿ ನೋಡ್ತಾ ಇರು," ಎಂದು ಎದ್ದು ಹೋದರು.

ಆ ಮಾಡಿನಡಿ ನಾನೊಬ್ಬಳೇ. ಸೆರಗಿನ ಗಂಟು ಬಿಚ್ಚಿದೆ. ಗುಂಡುಗಳು ಒಂದೊಂದಾಗಿ ಸೌಟಿನಲ್ಲಿ ಮುಳುಗಿ ಮಾಯವಾದವು. ಸಾಯ್ಬರು ಬಂದರೋ ಎಂದು ಮತ್ತೆ ಮತ್ತೆ ಗಲ್ಲಿಯತ್ತ ಇಣುಕಿದೆ. ತಪ್ಪೆಂದು ಅನ್ನಿಸದಿದ್ದರೆ ಯಾಕೆ ಇಣುಕಬೇಕು? ಗೊತ್ತಿತ್ತು ನನಗೆ.

ಸಾಯ್ಬರು ಬಂದು ಸೌಟು ನೋಡಿ ನಿಂತರು. "ಇದು ಎಲ್ಲಿಂದ ಬಂತು?"

"ಇನ್ನೊಂದು ತುಂಡು ಸೆರಗಲ್ಲಿ ಇತ್ತು. ಎಂಜಿನ್ನಿಂದೇ. ಮರೆತಿದ್ದೆ."

ಬಗ್ಗಿ ನೋಡಿದರು. "ಲೋಹದ ಮುಖ ಮಂಕಾಗಿದೆಯಲ್ಲಾ. ಬೇರೆ ಎಂತದೂ ಹಾಕಲಿಲ್ಲ ಅಲ್ದಾ?"

"ದೇವರಾಣೆ ಇಲ್ಲ."

ಆಣೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಅವರು ಸೌಟು ಎತ್ತಿದರು. "ನೀ ದೇವರ ಹೆಸರು ಹೇಳಿದ ಮೇಲೆ ನಾ ಮತ್ತೆ ಎಂತ ಕೇಳುದು?" ಎಂದು ಹೊಯ್ದರು.

ಮನೆಗೆ ತಂದು, ಶಾಫ್ಟಿಗೆ ಮಕ್ಕಳಿಗೆ ಹಚ್ಚುವ ಕಾಡಿಗೆಯನ್ನೇ ತೆಳುವಾಗಿ ಬಳಿದು, ರಾಡು ಕೂರಿಸಿ ತಿರುಗಿಸಿದೆವು. ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಎತ್ತರ. ಅದನ್ನು ಚೂಪು ಉಳಿಯಿಂದ ಕೆರೆಯಬೇಕು. ಇವರು "ಜೋರು ಹಾಕು, ಅದು ಗಟ್ಟಿ ಇರ್ತದೆ" ಎಂದರು. ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. "ಅರೇ, ಎಷ್ಟು ಚಂದ ಬತ್ತದೆ! ನಿನ್ನ ಕೈಗುಣ ಮಾರಾಯ್ತಿ," ಎಂದು ಮೆಚ್ಚಿದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ನಾನು ತಲೆಯೆತ್ತದೆ ಕೆರೆಯುತ್ತ ಹೋದೆ.

ಎಂಜಿನ್ನು ಕಟ್ಟಿ ಮುಗಿಸಿದಾಗ ಪಾಸಿಂಗಿಗೆ ಐದು ದಿನ ಉಳಿದಿತ್ತು. ಹ್ಯಾಂಡಲ್ ನಾನೇ ತಿರುಗಿಸಿದೆ; ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕೆಂದು ಇವರು ಹತ್ತು ಸಲ ಹೇಳಿದ್ದರು. ಎಂಟನೆಯ ಸುತ್ತಿಗೆ ಎಂಜಿನ್ನು ಹಿಡಿಯಿತು. ಹೊಗೆಯಿಲ್ಲ, ಟಕಟಕವಿಲ್ಲ. ಅತ್ತೆ ಓಡಿ ಬಂದು ವ್ಯಾನಿನ ಮೂತಿಗೆ ಕುಂಕುಮ ಇಟ್ಟರು. ಇವರು ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು, ನಾನು ಪಕ್ಕದಲ್ಲಿ ಕೂತು ಅವರು ಹೇಳಿದಂತೆ ಗೇರು ಬದಲಿಸುತ್ತ, ಶಿರಾಲಿಯ ತನಕ ಹೋಗಿ ಬರೋಣವೆಂದು ಹೊರಟೆವು.

ಇವರು ಹಾಡುತ್ತಿದ್ದರು. ನಾನು ಎಂಜಿನ್ನಿಗೆ ಕಿವಿ ಕೊಟ್ಟು ಕೂತಿದ್ದೆ. ಶಿರಾಲಿಯ ಹತ್ತಿರ ಒಂದು ಸಣ್ಣ ಏರು. ಏರಿನ ಅರ್ಧಕ್ಕೆ ಒಂದು ಸಲ ಟಕ್ ಎಂದಿತು. ಇವರ ಹಾಡು ನಿಂತಿತು. ಮತ್ತೆ ಟಕ್. ಆಮೇಲೆ ಬಿಡದೆ, ಯಾರೋ ಒಳಗೆ ಕೂತು ಸುತ್ತಿಗೆ ಬಡಿದ ಹಾಗೆ. ಗಾಡಿ ನಿಲ್ಲಿಸಿದರು. ಯಾರದ್ದೋ ಎತ್ತು ಕಟ್ಟಿಸಿ ವ್ಯಾನನ್ನು ಮನೆಗೆ ಎಳೆಸಿಕೊಂಡು ಬಂದೆವು.

ಕೆಳಗಿನ ಮುಚ್ಚಳ ತೆಗೆದರೆ ಮೂರನೇ ರಾಡಿನ ಲೋಹವೆಲ್ಲ ಹಿಂಡಿ ಹೊರಗೆ ಬಂದಿತ್ತು. ಇವರು ಒಂದು ಚೂರನ್ನು ಉಗುರಿನಿಂದ ಗೀರಿದರು. ಗೀರು ಬಿತ್ತು. ಸುಣ್ಣ ಬಳಿದ ಗೋಡೆಗೆ ಉಜ್ಜಿದರು. ಪೆನ್ಸಿಲ್ಲಿನ ಹಾಗೆ ಕಪ್ಪು ಗೆರೆ ಮೂಡಿತು.

"ಸೀಸ!" ಎಂದರು. ಮುಖ ಕೆಂಡವಾಗಿತ್ತು. "ನಮ್ಮ ಲೋಹ ತಾ ಇಟ್ಕಂಡು ಸೀಸ ಹೊಯ್ದಿದ್ದಾನೆ ಆ ಮುದುಕ!"

ಆಗ ಹೇಳಬೇಕಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಊರನ್ನೆಲ್ಲ ಜಾಡಿಸುವ ನನ್ನ ಬಾಯಿಗೆ ಅವತ್ತು ಬೀಗ ಬಿತ್ತು. ಇವರು ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು ಪೇಟೆಯತ್ತ ಹೊರಟೇಬಿಟ್ಟರು. "ಹೋಯ್, ನಿಲ್ಲಿ" ಎನ್ನುತ್ತ ಹಿಂದೆ ಓಡಿದೆ. ಗಲ್ಲಿಯ ಮೂಲೆಗೆ ತಲುಪುವಾಗ ಇವರು ಆಗಲೇ ಕೂಗುತ್ತಿದ್ದರು. ಮೀನು ಕೊಳ್ಳಲು ಬಂದವರು, ಪಾತ್ರೆ ಕೊಡಲು ಬಂದವರು, ಎಲ್ಲ ನಿಂತು ಕೇಳುತ್ತಿದ್ದರು.

"ಈ ಮನುಷ್ಯ ಸೀಸ ಬೆರೆಸ್ತಾನೆ! ನನ್ನ ರಾಡಿಗೇ ಬೆರೆಸಿದವ ನಿಮ್ಮ ಪಾತ್ರೆಗೆ ಬೆರೆಸುದಿಲ್ಲ ಅಂತ ಎಂತ ಗ್ಯಾರಂಟಿ? ಮಕ್ಕಳಿಗೆ ಅದರಲ್ಲೇ ಹಾಲು ಕಾಯಿಸ್ತೀರಿ!"

ಸಾಯ್ಬರು ಎದ್ದು ನಿಂತರು. "ನನ್ನ ಅಂಗಡಿಯಲ್ಲಿ ಸೀಸ ಇಲ್ಲ," ಎಂದರು. ಅಷ್ಟು ಹೇಳಿ ಜನರ ತಲೆಗಳ ಮೇಲಿಂದ ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಗಿತ್ತು. ಒಂದು ಬೆರಳೆತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಗಂಡನ ಎದುರು, ಪೇಟೆಯ ಎದುರು ಒಬ್ಬ ಹೆಂಗಸಿನ ಮರ್ಯಾದೆ ತೆಗೆಯುವುದು ಬೇಡವೆಂದೋ, ದೇವರ ಹೆಸರು ಹೇಳಿದವಳು ತಾನಾಗಿ ಬಾಯಿ ಬಿಡಲಿ ಎಂದೋ, ನನಗೆ ತಿಳಿಯದು. ನಾನು ಬಿಡಲಿಲ್ಲ. ನೋಡನೋಡುತ್ತಿದ್ದಂತೆ ಒಬ್ಬಾಕೆ ಮುಂದೆ ಬಂದು ತನ್ನ ಹಂಡೆ ಎತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಸಂಜೆಯೊಳಗೆ ಆ ಮಾಡಿನಡಿ ಒಂದು ಲೋಟವೂ ಉಳಿಯಲಿಲ್ಲವಂತೆ.

ದೀಪ ಹಚ್ಚುವ ಹೊತ್ತಿಗೆ ಇವರ ಎದುರು ಕೂತು ಹೇಳಿದೆ. ಬಲೆಯ ಗುಂಡು, ನಮಾಜು, ಆಣೆ, ಎಲ್ಲ. ಇವರು ಎಡಗೈ ಎತ್ತಿದರು. ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ.

"ನಾ ಅಲ್ಲಿ ಕೂಗುವಾಗ ನೀ ಎಂತಕೆ ಸುಮ್ಮನೆ ನಿಂತೆ?"

"ಹೆದ್ರಿಕೆ ಆತು."

"ನಿಂಗೆ ಹೆದ್ರಿಕೆ!" ಎಂದು ನಕ್ಕರು. ನಗು ಅರ್ಧಕ್ಕೆ ಅಳುವಾಯಿತು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಇವರು ತಮ್ಮ ಮಾತನ್ನೂ ಸಾಯ್ಬರು ತಮ್ಮ ಹೆಸರನ್ನೂ ಕಳೆದುಕೊಂಡದ್ದು ನನ್ನ ಒಂದು ಹಿಡಿ ಸೀಸದಿಂದ.

ಬೆಳಿಗ್ಗೆ ಇಬ್ಬರೂ ಹೋದೆವು. ಸಾಯ್ಬರು ಆರಿದ ಒಲೆಯ ಮುಂದೆ ಕೂತಿದ್ದರು. ಗಲ್ಲಿಯವರಿಗೆಲ್ಲ ಕೇಳುವಂತೆ, "ಸೀಸ ಹಾಕಿದ್ದು ನಾನು. ಇವರು ನಮಾಜಿಗೆ ಹೋದಾಗ ನಾ ಹಾಕಿದೆ. ಸುಳ್ಳು ಆಣೆ ಹಾಕಿದವಳೂ ನಾನೇ," ಎಂದೆ. ಇವರು ತಲೆ ತಗ್ಗಿಸಿ, "ನಾ ಕೂಗಿದ್ದು ತಪ್ಪಾತು ಸಾಯ್ಬ್ರೆ," ಎಂದರು. ಆಮೇಲೆ ನನ್ನ ನಾಚಿಕೆಗೇಡು ನೋಡಿ, ಅದೇ ಉಸಿರಿನಲ್ಲಿ, "ನಾಲ್ಕು ದಿನ ಅದೆ. ಇನ್ನೊಂದು ಸಲ ಹೊಯ್ದು ಕೊಡಿ. ಇಲ್ಲದಿದ್ರೆ ಪರ್ಮಿಟ್ಟು ಹೋಗ್ತದೆ," ಎಂದೆ.

ಸಾಯ್ಬರು ಇವರ ಕಡೆ ನೋಡಲಿಲ್ಲ. ನನಗೇ ಹೇಳಿದರು: "ಪಾತ್ರೆ ವಾಪಸು ತಕಂಬಾ. ಆಮೇಲೆ ರಾಡು."

ಯಾವ ಯಾವ ಮನೆಯೆಂದು ಬಾಯಿಪಾಠದಲ್ಲಿ ಹೇಳಿದರು: ಯಾರ ಹಂಡೆ, ಯಾರ ಬೋಗುಣಿ, ಯಾವುದರ ಅಂಚು ನೆಗ್ಗಿದೆ. ನಾನು ಹೊರಟೆ. ಅಬ್ಬಬ್ಬಾ, ಆ ದಿನ! ಒಂದೊಂದು ಬಾಗಿಲಲ್ಲೂ ಅದೇ ಮಾತು: ಸೀಸ ಹಾಕಿದ್ದು ನಾನು, ಸಾಯ್ಬ್ರು ಅಲ್ಲ, ಪಾತ್ರೆ ಕೊಡಿ. ಮೊದಲ ಮನೆಯಲ್ಲಿ ನಾಲಗೆ ತಡವರಿಸಿತು. ನಾಲ್ಕನೆಯ ಮನೆಯ ಹೊತ್ತಿಗೆ ಬೈಸಿಕೊಳ್ಳುವುದೂ ರೂಢಿಯಾಯಿತು. ಮಸೀದಿ ಬೀದಿಯ ನವಾಯತರ ಅಜ್ಜಿಯೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಮೂರು ಪಾತ್ರೆ ಕೊಟ್ಟು, ಕುಡಿಯಲು ನೀರನ್ನೂ ಕೊಟ್ಟರು. ಕೊಂಕಣಿಯ ಒಬ್ಬಾಕೆ ನನ್ನ ಮೂರು ತಲೆಮಾರಿಗೆ ಬೈದು, ಆಮೇಲೆ ಹಂಡೆಯನ್ನು ತಾನೇ ನನ್ನ ತಲೆಗೆ ಎತ್ತಿಸಿದಳು.

ಕೊನೆಯದು ಒಂದು ದೊಡ್ಡ ಮನೆ. ಊರಲ್ಲಿ ಅವರು ಮಾಡಿದ್ದನ್ನು ನೋಡಿ ಉಳಿದವರು ಮಾಡುವಂಥ ಮನೆ. ಅಲ್ಲಿಯ ಅಮ್ಮನವರು ನನ್ನ ಮಾತನ್ನು ಪೂರ್ತಿ ಕೇಳಿದರು, ಬೈಯಲಿಲ್ಲ.

"ನಿಮ್ಮ ಗಾಡಿಗೆ ಈಗ ಅವ ಬೇಕು, ಅಲ್ದಾ?" ಎಂದರು.

"ಹೌದು."

"ಹಾಂಗಾರೆ ನೀ ಈಗ ಹೇಳುದು ಸತ್ಯ ಅಂತ ನಾ ಹ್ಯಾಂಗೆ ನಂಬುದು? ನಿನ್ನೆ ಕೇಳಿದ್ರೆ ದೇವರಾಣೆ ಹಾಕ್ತಿದ್ದೆ. ಗಾಡಿಯ ಕೆಲಸ ಇಲ್ಲದಿದ್ರೆ ನೀ ಇವತ್ತು ಈ ಬಾಗಿಲಿಗೆ ಬತ್ತಿದ್ಯಾ?"

ಕುಮಟೆಯ ಹೆದರಿಕೆ ಇಲ್ಲದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಈ ಪ್ರಾಯದಲ್ಲಿ ಸುಳ್ಳು ಯಾಕೆ? ಗೊತ್ತಿಲ್ಲ. ಆ ಮನೆಯ ಪಾತ್ರೆ ಬರಲಿಲ್ಲ.

ಸಾಯ್ಬರಿಗೆ ಅದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ವಾಪಸು ಬಂದ ಪಾತ್ರೆಗಳನ್ನು ಎಣಿಸಿದರು. "ಆತು. ನಾಳೆ ರಾಡು ತಾ," ಎಂದರು.

ಮುಂಬೈಯ ತವರ ಬಂದಿತ್ತು. ಸೀಸ ಬೆರೆತ ನಮ್ಮ ಲೋಹವನ್ನು ಅವರು ಮುಟ್ಟಲೇ ಇಲ್ಲ. ತಮ್ಮ ತವರವನ್ನೇ ಸೌಟಿಗೆ ಹಾಕಿ, ಗಟ್ಟಿಯಾಗಲೆಂದು ತಾಮ್ರದ ಅರಪುಡಿ ಸೇರಿಸಿದರು. ನಾನು ತಿದಿಗೆ ಕೈ ಹಾಕಿದೆ. "ನೀ ಬೇಡ. ಹೊರಗೆ ಕೂರು," ಎಂದರು. ತಿದಿಯನ್ನು ಇವರು ಎಡಗೈಯಲ್ಲಿ ಒತ್ತಿದರು. ನಾನು ಗಲ್ಲಿಯ ಬಿಸಿಲಲ್ಲಿ, ಹೋಗಿ ಬರುವವರ ಕಣ್ಣಿಗೆ ಬೀಳುತ್ತ ಕೂತಿದ್ದೆ. ಲೋಹ ಕರಗುವ ಹೊತ್ತಿಗೆ ಮಸೀದಿಯಿಂದ ಬಾಂಗು ಕೇಳಿತು. ಅವರು ಏಳಲಿಲ್ಲ. ಹಿಡಿಕಡ್ಡಿ ಅದ್ದಿ ಕಾವು ನೋಡಿ, ಹೊಯ್ದು, ಅದು ಗಟ್ಟಿಯಾಗುವ ತನಕ ಸೌಟಿನ ಹತ್ತಿರದಿಂದ ಅಲುಗಲಿಲ್ಲ. ಆ ಮಧ್ಯಾಹ್ನದ ನಮಾಜು ತಡವಾದದ್ದು ನನ್ನಿಂದ. ಊರು ಬೈದದ್ದಾಗಲಿ, ನಕ್ಕದ್ದಾಗಲಿ ನನಗೆ ಅಷ್ಟು ತಾಗಿರಲಿಲ್ಲ. ಅಲ್ಲೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಈ ಸಲ ಲೋಹ ಉಳಿಗೆ ಬಗ್ಗಲಿಲ್ಲ. ಎರಡು ಹಗಲು ಕೆರೆದೆ, ಅಂಗೈ ಬೊಕ್ಕೆಯೆದ್ದು ಒಡೆಯಿತು. ಪಾಸಿಂಗಿನ ಬೆಳಿಗ್ಗೆ ಇವರು ಪ್ಲಾಸ್ಟರನ್ನು ನೀರಲ್ಲಿ ನೆನೆಸಿ ಚೂರಿಯಿಂದ ಕತ್ತರಿಸಿ ಬಿಸಾಕಿದರು. "ಬೇಡ, ಎಲುಬು ಕೂಡಲಿಲ್ಲ" ಎಂದರೆ ಕೇಳಲಿಲ್ಲ. ಮುರಿದ ಕೈ ಪಾಸಿಂಗಿನಲ್ಲಿ ಕಾಣಬಾರದೆಂದು ತುಂಬು ತೋಳಿನ ಅಂಗಿ ಹಾಕಿದರು. ಶಿರಾಲಿಯ ಏರು ಬಂದಾಗ ಇಬ್ಬರೂ ಉಸಿರು ಬಿಗಿ ಹಿಡಿದೆವು. ಏರು ದಾಟಿತು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ವ್ಯಾನು ಹತ್ತಿಸಿ ಶರಾವತಿ ದಾಟಿದೆವು. ನೀರಿಳಿತದ ಹೊತ್ತು, ಹೊನ್ನಾವರದ ದಡಕ್ಕೆ ಹಲಗೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಎಂಜಿನ್ನು ನರಳುತ್ತ ಹತ್ತಿತು. ಟಕ್ ಎನ್ನಲಿಲ್ಲ.

ಕುಮಟೆಯಲ್ಲಿ ಇನ್‌ಸ್ಪೆಕ್ಟರರು ಬ್ರೇಕು ನೋಡಿದರು, ದೀಪ ನೋಡಿದರು. "ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡು," ಎಂದು ಇವರಿಗೆ ಹೇಳಿದರು. ಇವರು ಹ್ಯಾಂಡಲ್ ಹಿಡಿದು ನಿಂತರು. ಮುಖದ ಬಣ್ಣ ಹೋಯಿತು. ನಾನು ವ್ಯಾನಿನಿಂದ ಜಿಗಿದು ಹ್ಯಾಂಡಲ್ ಕಸಿದುಕೊಂಡೆ. ಒಂದು ಸುತ್ತು. ಎರಡು. ಬೊಕ್ಕೆ ಒಡೆದ ಅಂಗೈ ಜಾರಿತು. ಮೂರನೆಯದಕ್ಕೆ ಹಿಡಿಯಿತು.

"ಇವಳು ಯಾರು? ಕ್ಲೀನರಾ?"

"ಹೌದು ಸ್ವಾಮಿ," ಎಂದೆ ನಾನೇ.

ಅವರು ಇವರ ತೋಳನ್ನು ಒಮ್ಮೆ, ನನ್ನ ಕೈಯನ್ನು ಒಮ್ಮೆ ನೋಡಿದರು. ಬಾನೆಟ್ ಮೇಲೆ ಕೈಯಿಟ್ಟು ಎಂಜಿನ್ನಿನ ಸದ್ದು ಕೇಳಿದರು. "ಗಾಡಿ ಸರಿ ಅದೆ," ಎಂದು ಸಹಿ ಹಾಕಿದರು. ಪರ್ಮಿಟ್ಟು ಉಳಿಯಿತು.

ಇವರ ಮಣಿಕಟ್ಟು ಕೊನೆಗೂ ನೆಟ್ಟಗಾಗಲಿಲ್ಲ. ಹಾಗಾಗಿ ಹ್ಯಾಂಡಲ್ ತಿರುಗಿಸುವುದು, ಗೇರು ಹಾಕುವುದು, ಜನರ ಹತ್ತಿರ ದುಡ್ಡು ಕೇಳುವುದು ನನ್ನ ಕೆಲಸವಾಯಿತು. ಊರಿನವರು ಮೊದಲು ನಕ್ಕರು, ಆಮೇಲೆ ಮರೆತರು. ಆದರೆ ಸೀಸದ ಮಾತು ಮರೆಯಲಿಲ್ಲ. ನಾನು ವಾಪಸು ತಂದ ಪಾತ್ರೆಗಳಿಗೆ ಕಲಾಯಿ ಆಯಿತು, ಸರಿ; ಮುಂದಿನ ಸಲ ಅವು ಬರಲಿಲ್ಲ. ದೊಡ್ಡ ಮನೆಯವರು ತಮ್ಮ ಪಾತ್ರೆ ಕುಂದಾಪುರಕ್ಕೆ ಕಳಿಸಿದರಂತೆ, ಅವರನ್ನು ನೋಡಿ ಇನ್ನೆರಡು ಮನೆ, ಮತ್ತೆ ಮೂರು. ನನ್ನ ಎದುರು ಯಾರೂ ಸಾಯ್ಬರನ್ನು ದೂರಲಿಲ್ಲ. "ಅವರದ್ದು ತಪ್ಪಿಲ್ಲ ಬಿಡು, ಆದರೂ ಮಕ್ಕಳು ಮರಿ ಇರುವ ಮನೆ" ಎನ್ನುವರು. ಆ 'ಆದರೂ' ಎನ್ನುವುದಕ್ಕೆ ನಾನು ಯಾವ ಬಾಗಿಲಲ್ಲಿ ನಿಂತು ಜವಾಬು ಕೊಡಲಿ?

ಮರುವರ್ಷ ಒಂದು ಬೆಳಿಗ್ಗೆ ಸಾಯ್ಬರು ನಮ್ಮ ವ್ಯಾನಿಗೇ ಬಂದರು. ಒಂದು ಟ್ರಂಕು, ಗೋಣಿಯಲ್ಲಿ ಸುತ್ತಿದ ತಿದಿ. "ಮಗಳ ಮನೆಗೆ," ಎಂದರು. ಯಾವ ಊರೆಂದು ಹೇಳಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ. ಇವರು ಸ್ಟೇರಿಂಗ್ ಬಿಟ್ಟು ಇಳಿದು, ಟ್ರಂಕನ್ನು ತಾವೇ ಎತ್ತಿ ಇಟ್ಟು, ಮುಂದಿನ ಸೀಟು ಒರೆಸಿ ಕೊಟ್ಟರು. ದಾರಿಯುದ್ದಕ್ಕೂ ಸಾಯ್ಬರು ಕಣ್ಣು ಮುಚ್ಚಿ ಕೂತಿದ್ದರು. ಕಾಸರಕೋಡಿನ ದಡದಲ್ಲಿ ಇಳಿದು ದುಡ್ಡು ಚಾಚಿದರು.

"ನಿಮ್ಮತ್ರ ತಕಂಬುದಾ? ಬೇಡ ಸಾಯ್ಬ್ರೆ," ಎಂದೆ.

"ತಕೋ ತಂಗಿ," ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಗಾಡಿ ಓಡ್ಬೇಕಲ್ದಾ. ಇಷ್ಟೆಲ್ಲ ಆದದ್ದು ಅದಕ್ಕೇ ಅಲ್ದಾ?"

ದುಡ್ಡು ನನ್ನ ಅಂಗೈಯಲ್ಲಿಟ್ಟು, ಟ್ರಂಕು ಎತ್ತಿಕೊಂಡು, ಗೋಣಿ ಹೆಗಲಿಗೇರಿಸಿ ದೋಣಿಯತ್ತ ಇಳಿದು ಹೋದರು. ಭಟ್ಕಳಕ್ಕೆ ಹೋಗುವ ಜನ ಆಗಲೇ ಸೀಟು ಹಿಡಿದು, ಹೊತ್ತಾಯಿತೆಂದು ಗಲಾಟೆ ಮಾಡುತ್ತಿದ್ದರು. ನಾನು ಹ್ಯಾಂಡಲ್ ಹಾಕಿ ತಿರುಗಿಸಿದೆ. ಎಂಜಿನ್ನು ಒಂದೇ ಸುತ್ತಿಗೆ ಹಿಡಿಯಿತು.